ನಾಲ್ಕು ಗುಂಟೆಯ ಟೊಮೇಟೊ

ನಿಮ್ಮ ಮನೆಯ ಹಿತ್ತಲಿನಲ್ಲಿ ನಾಲ್ಕು ತರಕಾರಿ ಪಾತಿಗಳಿದ್ದರೆ ಒಂದು ಸಂಗತಿಯನ್ನು ನೀವು ಗಮನಿಸಿಯೇ ಇರುತ್ತೀರಿ. ಗಿಡಕ್ಕೆ ನಮ್ಮ ಲೆಕ್ಕಾಚಾರ ತಿಳಿಯದು. ಸಾರಿಗೆ ಎರಡು ಟೊಮೇಟೊ ಬೇಕೆಂದು ಹೋದ ದಿನ ಗಿಡದಲ್ಲಿ ಬರೀ ಹೂವಿರುತ್ತದೆ. ಮುಂದೆ ಒಂದು ವಾರ ಬರುತ್ತದೆ, ಆಗ ಬುಟ್ಟಿಗಟ್ಟಲೆ ಹಣ್ಣು ಒಟ್ಟಿಗೆ ಕೆಂಪಾಗಿ ನಿಲ್ಲುತ್ತದೆ. ಸಾರು ಮಾಡಿದ್ದಾಯಿತು, ಗೊಜ್ಜು ಮಾಡಿದ್ದಾಯಿತು, ಪಕ್ಕದ ಮನೆಯವರಿಗೆ ಕೊಟ್ಟದ್ದಾಯಿತು. ಆದರೂ ಮಿಕ್ಕುತ್ತದೆ, ಮಿಕ್ಕದ್ದು ಕೊಳೆಯುತ್ತದೆ. ಬೆಳೆಯುವುದು ಹೇಗೆಂಬ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ. ಬೆಳೆದದ್ದನ್ನು ಉಳಿಸಿಕೊಳ್ಳುವುದಕ್ಕೂ ಒಂದು ಇತಿಹಾಸವಿದೆ. ಆ ಇತಿಹಾಸದ ಒಂದು ಅಧ್ಯಾಯವನ್ನು ಬರೆದವರು ನಿಮ್ಮ ವಯಸ್ಸಿನ ಹುಡುಗಿಯರು. ಅವರಿಗೆ ಸಿಕ್ಕ ನೆಲ ಹತ್ತರಲ್ಲಿ ಒಂದು ಎಕರೆ, ಅಂದರೆ ನಮ್ಮ ಅಳತೆಯಲ್ಲಿ ಸರಿಯಾಗಿ ನಾಲ್ಕು ಗುಂಟೆ.

ಆ ಕಥೆ ನಡೆದದ್ದು ಅಮೆರಿಕದಲ್ಲಿ. ಅಲ್ಲಿಗೆ ಹೋಗುವ ಮುನ್ನ ಋತುಮಾನದ ಒಂದು ವ್ಯತ್ಯಾಸವನ್ನು ತಿಳಿದುಕೊಳ್ಳಬೇಕು. ನಮ್ಮ ನಾಡಿನಲ್ಲಿ ಆಹಾರವನ್ನು ಕೂಡಿಡುವ ಕಾಲ ಬೇಸಿಗೆ. ಚೈತ್ರ, ವೈಶಾಖಗಳ ಬಿಸಿಲಿನಲ್ಲಿ ಮಹಡಿಯ ಮೇಲೆ ಸಂಡಿಗೆ, ಹಪ್ಪಳ, ಮಜ್ಜಿಗೆಮೆಣಸಿನಕಾಯಿ ಒಣಗುತ್ತವೆ. ಮಾವಿನ ಮಿಡಿ ಉಪ್ಪಿಗೆ ಬೀಳುತ್ತದೆ. ಕರಾವಳಿಯಲ್ಲಿ ಹಲಸಿನ ಸೊಳೆಯನ್ನು ಉಪ್ಪುನೀರಿನ ಭರಣಿಗೆ ಹಾಕುತ್ತಾರೆ, ಮಂಗಳೂರು ಸೌತೆಯನ್ನು ಬಾಳೆನಾರಿನಿಂದ ಕಟ್ಟಿ ಮಾಡಿನ ಅಡ್ಡೆಗೆ ತೂಗುಹಾಕುತ್ತಾರೆ. ಇದೆಲ್ಲ ಮಳೆಗಾಲಕ್ಕೆ ಮಾಡುವ ಸಿದ್ಧತೆ. ಹೊರಗೆ ಕಾಲಿಡಲಾಗದ ಆಷಾಢದ ದಿನಗಳಲ್ಲಿ ಅನ್ನಕ್ಕೆ ಒಂದು ನಂಜಿಕೊಳ್ಳುವ ಪದಾರ್ಥವಾದರೂ ಇರಬೇಕಲ್ಲ!

ಶೀತವಲಯದ ದೇಶಗಳಲ್ಲಿ ಭಯವಿರುವುದು ಮಳೆಯದ್ದಲ್ಲ, ಹಿಮದ್ದು. ನಾವು ಶರದೃತು ಎಂದು ಕರೆಯುವ ಹೊತ್ತಿಗೆ, ಸೆಪ್ಟೆಂಬರಿನಿಂದ ನವೆಂಬರಿನ ನಡುವೆ, ಅಲ್ಲಿ ಒಂದು ರಾತ್ರಿ ಇದ್ದಕ್ಕಿದ್ದಂತೆ ಉಷ್ಣತೆ ಸೊನ್ನೆಗೆ ಇಳಿಯುತ್ತದೆ. ಎಲೆಯ ಮೇಲಿನ ಇಬ್ಬನಿ ಹೆಪ್ಪುಗಟ್ಟುತ್ತದೆ. ಎಲೆಯೊಳಗಿನ ನೀರೂ ಹೆಪ್ಪುಗಟ್ಟಿ ಜೀವಕೋಶಗಳನ್ನು ಒಡೆಯುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ನಿನ್ನೆ ಹಸಿರಾಗಿದ್ದ ಟೊಮೇಟೊ, ಸೌತೆ, ಹುರುಳಿ ಗಿಡಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿರುತ್ತವೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಈ ರಾತ್ರಿ ಬೇಗ ಬರುತ್ತದೆ, ದಕ್ಷಿಣದಲ್ಲಿ ತಡವಾಗಿ ಬರುತ್ತದೆ. ಬರುವುದಂತೂ ಖಂಡಿತ. ಆದ್ದರಿಂದ ಅಲ್ಲಿನ ಮನೆತೋಟದವರಿಗೆ ಶರತ್ಕಾಲವೆಂದರೆ ಒಂದು ಗಡುವು. ಆ ರಾತ್ರಿಯ ಒಳಗೆ ಎಲ್ಲವೂ ಮನೆ ಸೇರಬೇಕು, ಸೇರಿದ್ದು ಮುಂದಿನ ಐದಾರು ತಿಂಗಳು ಬಾಳಬೇಕು.

ಕೆಲವು ತರಕಾರಿಗಳು ಈ ವಿಷಯದಲ್ಲಿ ಬಲು ಸಾಧು. ಆಲೂಗೆಡ್ಡೆಯನ್ನು ಕತ್ತಲೆಯ ನೆಲಮಾಳಿಗೆಯಲ್ಲಿ ಸುರಿದರೆ ಸಾಕು. ಗಜ್ಜರಿಯನ್ನು ಒದ್ದೆ ಮರಳಿನ ಪದರಗಳಲ್ಲಿ ಹೂತಿಡುತ್ತಾರೆ. ಕುಂಬಳವನ್ನು ತೊಟ್ಟು ಮುರಿಯದಂತೆ ಕೊಯ್ದು ಒಣಜಾಗದಲ್ಲಿಟ್ಟರೆ ಚಳಿಗಾಲ ಕಳೆಯುವವರೆಗೂ ಕೆಡದು. ಸೇಬನ್ನು ಹೋಳು ಮಾಡಿ ದಾರಕ್ಕೆ ಪೋಣಿಸಿ ಒಣಗಿಸುತ್ತಾರೆ. ಕೋಸನ್ನು ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ, ಮರದ ಪೀಪಾಯಿಯಲ್ಲಿ ಅದುಮಿ ಹುಳಿಬರಿಸುತ್ತಾರೆ. ಟೊಮೇಟೊ ಮಾತ್ರ ಯಾವುದಕ್ಕೂ ಒಗ್ಗದ ಹಣ್ಣು. ಅದರ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ಮರಳಿನಲ್ಲಿಟ್ಟರೆ ಕೊಳೆಯುತ್ತದೆ. ತೇವದ ಹವೆಯಲ್ಲಿ ಒಣಗಿಸಹೋದರೆ ಬೂಷ್ಟು ಹಿಡಿಯುತ್ತದೆ. ಹಿಮ ಬೀಳುವ ಮುನ್ನ ಕಾಯಿಗಳನ್ನು ಕಿತ್ತು ಕಾಗದದಲ್ಲಿ ಸುತ್ತಿಟ್ಟರೆ ಒಂದು ತಿಂಗಳು ನಿಧಾನವಾಗಿ ಹಣ್ಣಾಗುತ್ತವೆ, ಅಷ್ಟೇ. ಇಡೀ ಚಳಿಗಾಲಕ್ಕೆ ಅದನ್ನು ಉಳಿಸಬೇಕಾದರೆ ಹೊಸದೊಂದು ವಿಧಾನ ಬೇಕಾಗಿತ್ತು.

ಆ ವಿಧಾನವನ್ನು ಕೊಟ್ಟವನು ಪ್ಯಾರಿಸಿನ ಒಬ್ಬ ಮಿಠಾಯಿಗಾರ. ನಿಕೊಲಾ ಅಪೆರ್ ಎಂದು ಅವನ ಹೆಸರು. 1790ರ ದಶಕದಿಂದ ಅವನು ಒಂದೇ ಪ್ರಯೋಗವನ್ನು ಮತ್ತೆಮತ್ತೆ ಮಾಡಿದ. ತರಕಾರಿಯನ್ನೋ ಹಣ್ಣನ್ನೋ ದಪ್ಪ ಗಾಜಿನ ಸೀಸೆಗೆ ತುಂಬುವುದು, ಬಿರಡೆ ಬಿಗಿದು ತಂತಿ ಸುತ್ತುವುದು, ಸೀಸೆಯನ್ನೇ ಕುದಿಯುವ ನೀರಿನಲ್ಲಿ ಗಂಟೆಗಟ್ಟಲೆ ಇಡುವುದು. ಹೀಗೆ ಮಾಡಿದ ಬಟಾಣಿ ತಿಂಗಳುಗಳ ನಂತರವೂ ಕೆಡಲಿಲ್ಲ. 1810ರಲ್ಲಿ ಫ್ರೆಂಚ್ ಸರ್ಕಾರ ಅವನಿಗೆ 12,000 ಫ್ರಾಂಕುಗಳ ಬಹುಮಾನ ಕೊಟ್ಟಿತು. ವಿಧಾನವನ್ನು ಬಚ್ಚಿಡದೆ ಪುಸ್ತಕವಾಗಿ ಪ್ರಕಟಿಸಬೇಕೆಂಬುದು ಷರತ್ತು, ಅದರಂತೆ ಪುಸ್ತಕವೂ ಆ ವರ್ಷವೇ ಬಂತು. ಇಲ್ಲಿ ನೀವು ಗಮನಿಸಬೇಕಾದ ಒಂದು ಅಂಶವಿದೆ. ಆಹಾರ ಏಕೆ ಕೆಡುವುದಿಲ್ಲ ಎಂಬುದು ಅಪೆರ್‌ಗೆ ತಿಳಿದಿರಲಿಲ್ಲ. ಗಾಳಿಯನ್ನು ಹೊರಗಿಟ್ಟದ್ದೇ ಕಾರಣವೆಂದು ಆ ಕಾಲದವರು ನಂಬಿದ್ದರು. ಕೆಡಿಸುವವು ಕಣ್ಣಿಗೆ ಕಾಣದ ಜೀವಿಗಳು, ಶಾಖ ಅವನ್ನು ಕೊಲ್ಲುತ್ತದೆ ಎಂದು ಲೂಯಿ ಪಾಶ್ಚರ್ ತೋರಿಸಿಕೊಡುವ ಹೊತ್ತಿಗೆ ಇನ್ನೂ ಅರ್ಧ ಶತಮಾನ ಕಳೆದಿತ್ತು. ಕೈ ಮೊದಲು ಕಲಿತದ್ದನ್ನು ತಲೆ ಆಮೇಲೆ ಅರ್ಥಮಾಡಿಕೊಂಡ ಸಂದರ್ಭಗಳು ವಿಜ್ಞಾನದ ಚರಿತ್ರೆಯಲ್ಲಿ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು.

ಗಾಜಿನ ಸೀಸೆ ಒಡೆಯುತ್ತದೆ. ಹಾಗಾಗಿ ಅದೇ 1810ರಲ್ಲಿ ಇಂಗ್ಲೆಂಡಿನ ಪೀಟರ್ ಡ್ಯುರಾಂಡ್ ತಗಡಿನ ಡಬ್ಬಿಗೆ ಹಕ್ಕುಪತ್ರ ಪಡೆದ. ಮೂರು ವರ್ಷಗಳಲ್ಲಿ ಲಂಡನ್ನಿನ ಒಂದು ಕಾರ್ಖಾನೆ ನೌಕಾಪಡೆಗೆ ಮಾಂಸದ ಡಬ್ಬಿಗಳನ್ನು ಒದಗಿಸತೊಡಗಿತು. ತಮಾಷೆಯೆಂದರೆ, ಡಬ್ಬಿ ತೆರೆಯುವ ಉಪಕರಣ ಬಂದದ್ದು 1850ರ ದಶಕದಲ್ಲಿ. ಅಲ್ಲಿಯವರೆಗೆ ಉಳಿ, ಸುತ್ತಿಗೆಗಳೇ ಗತಿ! ಗೃಹಿಣಿಯರಿಗೆ ಅನುಕೂಲವಾದದ್ದು ಮಾತ್ರ 1858ರ ನವೆಂಬರ್ 30ರಂದು ನ್ಯೂಯಾರ್ಕಿನ ತಗಡು ಕೆಲಸಗಾರ ಜಾನ್ ಲ್ಯಾಂಡಿಸ್ ಮೇಸನ್ ಹಕ್ಕುಪತ್ರ ಪಡೆದ ಗಾಜಿನ ಜಾಡಿ. ಅದರ ಕತ್ತಿನಲ್ಲೇ ಮರೆಯಿತ್ತು, ಸತುವಿನ ಮುಚ್ಚಳವನ್ನು ತಿರುಗಿಸಿ ಬಿಗಿಯಬಹುದಾಗಿತ್ತು. ಪ್ರತಿವರ್ಷ ತೊಳೆದು ಮತ್ತೆ ಬಳಸಬಹುದಾಗಿತ್ತು. ಅಮೆರಿಕದ ಅಡುಗೆಮನೆಗಳಲ್ಲಿ ಆ ಜಾಡಿಗಳು ಮನೆಮಾತಾದವು. ಅಪೆರ್ ಮತ್ತು ಮೇಸನ್ ಇಬ್ಬರೂ ಕೊನೆಗಾಲದಲ್ಲಿ ಬಡತನದಲ್ಲೇ ತೀರಿಕೊಂಡರು ಎಂಬುದನ್ನೂ ಹೇಳಿಬಿಡಬೇಕು. ಲಕ್ಷಾಂತರ ಮನೆಗಳ ಚಳಿಗಾಲವನ್ನು ಹಗುರ ಮಾಡಿದವರಿಗೆ ತಮ್ಮ ಮುಪ್ಪನ್ನು ಹಗುರ ಮಾಡಿಕೊಳ್ಳಲಾಗಲಿಲ್ಲ.

ಇನ್ನು ನಮ್ಮ ಹುಡುಗಿಯರ ಕಡೆಗೆ ಬರೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲಿನಾ ಬಡರಾಜ್ಯವಾಗಿತ್ತು. ಅಲ್ಲಿನ ಬೆಳೆ ಹತ್ತಿ. ಗೇಣಿದಾರರು ಸಾಲ ಮಾಡಿ ಹತ್ತಿ ಬಿತ್ತಿ, ಹತ್ತಿ ಮಾರಿ ಸಾಲ ತೀರಿಸಬೇಕು. ತೀರದಿದ್ದರೆ ಮುಂದಿನ ವರ್ಷವೂ ಹತ್ತಿಯೇ. ಅಂಗಡಿಯವನು ಸಾಲ ಕೊಡುತ್ತಿದ್ದುದು ಹತ್ತಿಯ ಭರವಸೆಯ ಮೇಲೆ. ಹೀಗಾಗಿ ಎಷ್ಟೋ ಕಡೆ ಹತ್ತಿಯ ಸಾಲುಗಳು ಮನೆಬಾಗಿಲವರೆಗೂ ಬಂದಿದ್ದವು, ತರಕಾರಿಗೆ ಜಾಗವೇ ಉಳಿದಿರಲಿಲ್ಲ. ಊಟವೆಂದರೆ ಮೆಕ್ಕೆಜೋಳದ ಹಿಟ್ಟು, ಉಪ್ಪು ಹಾಕಿದ ಹಂದಿಯ ಕೊಬ್ಬು, ಕಾಕಂಬಿ. ಇದರ ಫಲವಾಗಿ ಪೆಲ್ಲಾಗ್ರ ಎಂಬ ಕಾಯಿಲೆ ಹಬ್ಬಿತು. ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿಭ್ರಮಣೆ, ಕಡೆಗೆ ಸಾವು. ಅದು ಸೋಂಕಲ್ಲ, ಊಟದ ಕೊರತೆ ಎಂದು ಡಾಕ್ಟರ್ ಜೋಸೆಫ್ ಗೋಲ್ಡ್‌ಬರ್ಗರ್ 1914ರಿಂದ ಮುಂದಿನ ವರ್ಷಗಳಲ್ಲಿ ತೋರಿಸಿಕೊಟ್ಟರು. ಹಿತ್ತಲಿಲ್ಲದ ಊರಿನಲ್ಲಿ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಠೋರ ಉದಾಹರಣೆ ಬೇಕಿಲ್ಲ.

ಆ ರಾಜ್ಯದ ಏಕನ್ ಜಿಲ್ಲೆಯಲ್ಲಿ ಮೇರಿ ಕ್ರೋಮರ್ ಎಂಬ ಹಳ್ಳಿಶಾಲೆಯ ಉಪಾಧ್ಯಾಯಿನಿ ಇದ್ದರು. 1909ರ ಡಿಸೆಂಬರಿನಲ್ಲಿ ಅವರು ಒಂದು ಶಿಕ್ಷಕರ ಸಭೆಗೆ ಹೋಗಿದ್ದಾಗ ಕೃಷಿ ಇಲಾಖೆಯ ಪ್ರತಿನಿಧಿಯೊಬ್ಬರು ಹುಡುಗರ ಜೋಳದ ಸಂಘಗಳ ಬಗ್ಗೆ ಮಾತನಾಡಿದರು. ಆ ಸಂಘಗಳಲ್ಲಿ ಪ್ರತಿ ಹುಡುಗನೂ ಒಂದು ಎಕರೆಯಲ್ಲಿ ಹೊಸ ವಿಧಾನದಿಂದ ಮೆಕ್ಕೆಜೋಳ ಬೆಳೆದು ಸ್ಪರ್ಧಿಸುತ್ತಿದ್ದ. ಅಪ್ಪಂದಿರಿಗೆ ಬುದ್ಧಿ ಹೇಳುವುದಕ್ಕಿಂತ ಮಕ್ಕಳ ಹೊಲವನ್ನು ತೋರಿಸುವುದು ಸುಲಭ ಎಂಬುದು ಇಲಾಖೆಯ ಹಂಚಿಕೆ. ಕ್ರೋಮರ್ ಅವರಿಗೆ ಹೊಳೆದದ್ದು ಸರಳವಾದ ಪ್ರಶ್ನೆ: ಹುಡುಗಿಯರಿಗೆ ಏನಿದೆ? ಊರಿಗೆ ಮರಳಿದವರೇ 1910ರಲ್ಲಿ ಹುಡುಗಿಯರ ಟೊಮೇಟೊ ಸಂಘವನ್ನು ಆರಂಭಿಸಿದರು. ಮೊದಲ ವರ್ಷ ಸೇರಿದವರು 47 ಹುಡುಗಿಯರು.

ಹುಡುಗನಿಗೆ ಒಂದು ಎಕರೆ, ಹುಡುಗಿಗೆ ಹತ್ತನೇ ಒಂದು ಪಾಲು! ಈ ಲೆಕ್ಕ ಕೇಳಿ ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬಂದಿದ್ದರೆ ಅದು ನ್ಯಾಯವೇ. ಆದರೆ ಟೊಮೇಟೊ ಬೆಳೆದವರಿಗೆ ಗೊತ್ತು, ಕೈಗೆಲಸದ ದೃಷ್ಟಿಯಿಂದ ನಾಲ್ಕು ಗುಂಟೆ ಸಣ್ಣದಲ್ಲ. ಪೆಟ್ಟಿಗೆಯಲ್ಲಿ ಬೀಜ ಹಾಕಿ ಸಸಿ ಮಾಡಬೇಕು, ನಾಟಿ ಮಾಡಬೇಕು, ಕಳೆ ಕೀಳಬೇಕು, ಊರುಗೋಲು ಕೊಡಬೇಕು, ಹುಳು ಆರಿಸಬೇಕು. ಉಳುಮೆಗೆ ಬೇರೆಯವರ ನೆರವು ಪಡೆಯಬಹುದಿತ್ತು, ಮಿಕ್ಕ ಕೆಲಸ ಅವಳದೇ. ಜೊತೆಗೆ ಲೆಕ್ಕದ ಪುಸ್ತಕ. ಬೀಜಕ್ಕೆ ಎಷ್ಟು, ಗೊಬ್ಬರಕ್ಕೆ ಎಷ್ಟು, ತಾನು ದುಡಿದ ಗಂಟೆಗಳೆಷ್ಟು, ಹಣ್ಣೆಷ್ಟು ಬಂತು, ಮಾರಿದ್ದೆಷ್ಟು ಎಂಬುದೆಲ್ಲ ಅದರಲ್ಲಿ ದಾಖಲಾಗಬೇಕು. ಸುಗ್ಗಿಯ ನಂತರ ತನ್ನ ತೋಟದ ಕಥೆಯನ್ನು ಬರೆದು ಒಪ್ಪಿಸಬೇಕು. ಹೊದಿಕೆಯ ಮೇಲೆ ಕೆಂಪು ಟೊಮೇಟೊ ಚಿತ್ರ ಬಿಡಿಸಿ, ರಿಬ್ಬನ್ ಕಟ್ಟಿ ಕೊಟ್ಟವರೂ ಇದ್ದರು. ಇತಿಹಾಸದ ವಿದ್ಯಾರ್ಥಿಗಳಿಗೆ ಇಂಥ ಪುಸ್ತಕಗಳು ಶಾಸನಗಳಿಗಿಂತ ಕಡಿಮೆ ಬೆಲೆಯವಲ್ಲ. ಬಡ ರೈತನ ಮಗಳೊಬ್ಬಳು ತನ್ನ ದುಡಿಮೆಗೆ ತಾನೇ ಬೆಲೆ ಕಟ್ಟಿ ಬರೆದಿಟ್ಟ ದಾಖಲೆ ಆ ಕಾಲದಲ್ಲಿ ಬೇರೆಲ್ಲಿ ಸಿಕ್ಕೀತು?

ಹಣ್ಣು ಕೊಯ್ದ ಮೇಲೆ ನಿಜವಾದ ಕೆಲಸ. ಹಸಿ ಹಣ್ಣನ್ನು ಆ ಬಿಸಿಲಿನಲ್ಲಿ, ಆ ರಸ್ತೆಗಳಲ್ಲಿ ಪೇಟೆಗೆ ಸಾಗಿಸಿ ಮಾರುವುದು ಕಷ್ಟ, ಎಲ್ಲರ ಹಣ್ಣೂ ಒಟ್ಟಿಗೆ ಬರುವುದರಿಂದ ಬೆಲೆಯೂ ಇಲ್ಲ. ಆದ್ದರಿಂದ ಡಬ್ಬಿ ತುಂಬುವುದನ್ನು ಕಲಿಸಲಾಯಿತು. ಮರದ ನೆರಳಿನಲ್ಲಿ ಒಲೆ ಹೂಡಿ, ಮೇಲೆ ದೊಡ್ಡ ಕೊಪ್ಪರಿಗೆ. ಹಣ್ಣುಗಳನ್ನು ತಂತಿಬುಟ್ಟಿಯಲ್ಲಿಟ್ಟು ಕುದಿನೀರಿನಲ್ಲಿ ಒಂದು ನಿಮಿಷ ಅದ್ದಿ ಕೂಡಲೇ ತಣ್ಣೀರಿಗೆ ಹಾಕಿದರೆ ಸಿಪ್ಪೆ ತಾನಾಗಿ ಸುಲಿಯುತ್ತದೆ. ತೊಟ್ಟಿನ ಗಟ್ಟಿ ಭಾಗವನ್ನು ತೆಗೆದು, ಇಡಿಯ ಹಣ್ಣನ್ನೇ ಡಬ್ಬಿಗೆ ತುಂಬಿ ಸ್ವಲ್ಪ ಉಪ್ಪು ಸೇರಿಸುತ್ತಿದ್ದರು. ಆ ಕಾಲದ ತಗಡಿನ ಡಬ್ಬಿಯ ಮುಚ್ಚಳದ ನಡುವೆ ಸೂಜಿಮೊನೆಯಷ್ಟು ರಂಧ್ರವಿರುತ್ತಿತ್ತು. ಮುಚ್ಚಳದ ಅಂಚಿಗೆ ಮೊದಲು ಬೆಸುಗೆ ಹಾಕಿ, ಡಬ್ಬಿಯನ್ನು ಬಿಸಿಮಾಡಿ, ಒಳಗಿನ ಗಾಳಿ ಆ ರಂಧ್ರದಿಂದ ಹೊರಹೋದ ಮೇಲೆ ಒಂದು ಹನಿ ಬೆಸುಗೆಯಿಂದ ಅದನ್ನೂ ಮುಚ್ಚುತ್ತಿದ್ದರು. ಆಮೇಲೆ ಇಡೀ ಡಬ್ಬಿಯನ್ನು ಕೊಪ್ಪರಿಗೆಯಲ್ಲಿ ಕುದಿಸುವುದು. ಹದಿಮೂರು, ಹದಿನಾಲ್ಕು ವರ್ಷದ ಹುಡುಗಿಯರು ಬಿಳಿ ಟೋಪಿ, ಬಿಳಿ ಮೇಲಂಗಿ ತೊಟ್ಟು ಕಾದ ಬೆಸುಗೆ ಸಲಾಕೆ ಹಿಡಿದು ಕುಳಿತ ನೋಟವನ್ನು ಕಲ್ಪಿಸಿಕೊಳ್ಳಿ. ತಗಡಿಗೆ ಬೆಸುಗೆ ಹಾಕುವುದು ಗಂಡಸರ ಕಸುಬೆಂದು ತಿಳಿದಿದ್ದ ಹಳ್ಳಿಗಳು ಅವು.

ಮೊದಲ ವರ್ಷ ಗೆದ್ದ ಹುಡುಗಿ ತನ್ನ ನಾಲ್ಕು ಗುಂಟೆಯಿಂದ ತುಂಬಿದ ಡಬ್ಬಿಗಳು 512. ಒಂದೊಂದು ಡಬ್ಬಿ ಹೆಚ್ಚುಕಡಿಮೆ ಒಂದು ಲೀಟರ್ ಹಿಡಿಯುವಂಥದ್ದು. ಅವಳಿಗೆ ಸಿಕ್ಕ ಬಹುಮಾನ ಆ ರಾಜ್ಯದ ವಿಂತ್ರೊಪ್ ಮಹಿಳಾ ಕಾಲೇಜಿನಲ್ಲಿ ಓದಲು ವಿದ್ಯಾರ್ಥಿವೇತನ. ಬೆಳ್ಳಿಯ ಬಟ್ಟಲನ್ನೋ ಹೊಸ ಉಡುಪನ್ನೋ ಕೊಡಬಹುದಾಗಿತ್ತು, ಕ್ರೋಮರ್ ಹಾಗೆ ಮಾಡಲಿಲ್ಲ. ಈ ಆಯ್ಕೆಯಲ್ಲಿ ಅವರ ಉದ್ದೇಶ ಕಾಣುತ್ತದೆ. ಹತ್ತಿಯ ಹಣ ಅಪ್ಪನ ಕೈಗೆ ಬಂದು ಅಂಗಡಿಯವನ ಕೈಗೆ ಹೋಗುತ್ತಿತ್ತು. ಟೊಮೇಟೊ ಹಣ ಹುಡುಗಿಯ ಕೈಗೆ ಬರುತ್ತಿತ್ತು, ಹೇಗೆ ಖರ್ಚು ಮಾಡಬೇಕೆಂಬುದು ಅವಳ ಲೆಕ್ಕದ ಪುಸ್ತಕದಲ್ಲಿರುತ್ತಿತ್ತು. ಶಾಲೆಯ ಶುಲ್ಕ ಕಟ್ಟಿದವರಿದ್ದಾರೆ, ಬಟ್ಟೆ ಕೊಂಡವರಿದ್ದಾರೆ. ಟೊಮೇಟೊ ಇಲ್ಲಿ ನೆಪಮಾತ್ರ ಎಂದು ಕೆಲವರು ಬರೆಯುವುದುಂಟು. ನನಗೆ ಹಾಗೆನಿಸುವುದಿಲ್ಲ. ಹಣ್ಣು ಹಾಗೇ ಇದ್ದಿದ್ದರೆ ಎರಡು ದಿನದಲ್ಲಿ ಕೊಳೆತು, ಅದರೊಂದಿಗೆ ಹಣವೂ ಹೋಗುತ್ತಿತ್ತು. ಡಬ್ಬಿಯೊಳಗೆ ಸೇರಿದ್ದರಿಂದಲೇ ಬೆಲೆ ಬರುವವರೆಗೆ ಕಾಯುವ ಶಕ್ತಿ ಅವಳಿಗೆ ಬಂತು. ಕಾಯಬಲ್ಲವನೇ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಬಲ್ಲ. ನಮ್ಮ ಕೋಲಾರದ ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಲೆ ಕುಸಿದ ವರ್ಷಗಳಲ್ಲಿ ರೈತರು ಟೊಮೇಟೊವನ್ನು ರಸ್ತೆಬದಿಗೆ ಸುರಿದು ಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ.

ಒಂದೆರಡು ವರ್ಷಗಳಲ್ಲಿ ವರ್ಜೀನಿಯ, ಉತ್ತರ ಕ್ಯಾರೊಲಿನ, ಮಿಸಿಸಿಪ್ಪಿ, ಟೆನ್ನೆಸ್ಸಿ ರಾಜ್ಯಗಳಿಗೆ ಸಂಘಗಳು ಹರಡಿದವು. ಅವುಗಳನ್ನು ನೋಡಿಕೊಳ್ಳಲು ಸರ್ಕಾರ ಮಹಿಳಾ ಪ್ರತಿನಿಧಿಗಳನ್ನು ನೇಮಿಸಿತು. ವರ್ಜೀನಿಯದ ಎಲ್ಲಾ ಆಗ್ನ್ಯೂ, ಉತ್ತರ ಕ್ಯಾರೊಲಿನದ ಜೇನ್ ಮೆಕಿಮನ್ ಅವರಲ್ಲಿ ಮೊದಲಿಗರು. ಕುದುರೆಗಾಡಿಯಲ್ಲಿ ಹಳ್ಳಿಹಳ್ಳಿಗೆ ಸುತ್ತಿ ಮಗಳ ತೋಟ ನೋಡಲು ಹೋದವರು ತಾಯಿಯ ಅಡುಗೆಮನೆಯನ್ನೂ ಹೊಕ್ಕರು. 1914ರ ಮೇ 8ರಂದು ಅಧ್ಯಕ್ಷ ವುಡ್ರೊ ವಿಲ್ಸನ್ ಸಹಿ ಹಾಕಿದ ಸ್ಮಿತ್–ಲೀವರ್ ಕಾಯಿದೆ ಈ ಕೆಲಸಕ್ಕೆ ಶಾಶ್ವತ ರೂಪ ಕೊಟ್ಟಿತು. ಕೃಷಿ ಕಾಲೇಜುಗಳು ತಮ್ಮ ವಿದ್ಯೆಯನ್ನು ಹಳ್ಳಿಯ ಮನೆಗಳಿಗೆ ತಲುಪಿಸಬೇಕು, ಅದಕ್ಕೆ ಸರ್ಕಾರ ಹಣ ಕೊಡಬೇಕು ಎಂಬುದು ಅದರ ಸಾರಾಂಶ. ಮಸೂದೆಯ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ಲೀವರ್ ದಕ್ಷಿಣ ಕ್ಯಾರೊಲಿನದವರೇ. ಹುಡುಗರ ಜೋಳದ ಸಂಘ, ಹುಡುಗಿಯರ ಟೊಮೇಟೊ ಸಂಘ ಮುಂತಾದವು ಕ್ರಮೇಣ ಸೇರಿ 'ಫೋರ್ ಎಚ್' ಯುವಕ ಸಂಘಗಳಾದವು.

ಆದರೆ ಈ ಚಿತ್ರದಲ್ಲಿ ಒಂದು ದೊಡ್ಡ ಕರಿನೆರಳಿದೆ, ಅದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಬಿಳಿಯರು, ಕರಿಯರು ಒಂದೇ ಶಾಲೆಯಲ್ಲಿ ಕೂರಬಾರದೆಂಬ ಕಾನೂನುಗಳಿದ್ದ ಕಾಲ ಅದು. ಟೊಮೇಟೊ ಸಂಘಗಳು ಬಿಳಿಯ ಹುಡುಗಿಯರಿಗಾಗಿ ನಡೆದವು. ಕರಿಯ ಹುಡುಗಿಯರಿಗೆ ಬೇರೆ ಹೆಸರಿನ ಬೇರೆ ಸಂಘಗಳು, ಅದೂ ತಡವಾಗಿ, ಕಡಿಮೆ ಹಣದಲ್ಲಿ. 1914ರ ಕಾಯಿದೆಯ ಹಣ ಯಾವ ಕಾಲೇಜಿಗೆ ಹೋಗಬೇಕೆಂಬ ತೀರ್ಮಾನವನ್ನು ರಾಜ್ಯಗಳಿಗೆ ಬಿಟ್ಟಿದ್ದರಿಂದ ದಕ್ಷಿಣದಲ್ಲಿ ಅದು ಬಹುಪಾಲು ಬಿಳಿಯರ ಕಾಲೇಜುಗಳ ಪಾಲಾಯಿತು. ಹೀಗಿದ್ದರೂ ಅಲಬಾಮದ ಟಸ್ಕೀಗೀ ಸಂಸ್ಥೆ ಸುಮ್ಮನೆ ಕುಳಿತಿರಲಿಲ್ಲ. 1906ರಲ್ಲೇ ಅಲ್ಲಿಂದ ಕೃಷಿ ಉಪಕರಣಗಳನ್ನು ಹೊತ್ತ ಬಂಡಿಯೊಂದು ಹಳ್ಳಿಗಳಿಗೆ ಹೊರಟಿತ್ತು. ಗುಲಾಮಗಿರಿಯಲ್ಲಿ ಹುಟ್ಟಿ ವಿಜ್ಞಾನಿಯಾದ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರು ಅಲ್ಲಿಂದ ಬಡ ರೈತರಿಗಾಗಿ ಪುಟ್ಟ ಪುಟ್ಟ ಕೈಪಿಡಿಗಳನ್ನು ಹೊರತಂದರು. ಅವುಗಳಲ್ಲಿ 1918ರದ್ದು ಟೊಮೇಟೊ ಕುರಿತದ್ದು. ಬೆಳೆಯುವ ಕ್ರಮದ ಜೊತೆಗೆ ಅದನ್ನು ಊಟಕ್ಕೆ ಸಿದ್ಧಪಡಿಸುವ 115 ಬಗೆಗಳು ಅದರಲ್ಲಿವೆ. ನೆಲಗಡಲೆಯ ಕಾರ್ವರ್ ನಿಮಗೆ ಪಠ್ಯಪುಸ್ತಕದಿಂದ ಪರಿಚಿತರು, ಟೊಮೇಟೊ ಕಾರ್ವರ್ ಅವರನ್ನೂ ಪರಿಚಯ ಮಾಡಿಕೊಳ್ಳಿ.

ಟೊಮೇಟೊವನ್ನೇ ಆರಿಸಿಕೊಂಡದ್ದರಲ್ಲಿ ಒಂದು ಅದೃಷ್ಟವೂ ಅಡಗಿತ್ತು. ಇದನ್ನು ಅರಿಯಲು ಬೆಲ್ಜಿಯಂ ದೇಶದ ಒಂದು ಹಳ್ಳಿಗೆ ಹೋಗಬೇಕು. 1895ರಲ್ಲಿ ಎಲ್ಲೆಝೆಲ್ ಎಂಬ ಆ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದ ವಾದ್ಯಗಾರರು ಉಪ್ಪುಹಾಕಿದ ಹಂದಿಮಾಂಸ ತಿಂದರು. ಅವರ ದೃಷ್ಟಿ ಮಂಜಾಯಿತು, ನುಂಗಲಾಗಲಿಲ್ಲ, ಕೈಕಾಲು ಸೋತವು. ಮೂವರು ಸತ್ತರು. ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಆ ಮಾಂಸದಿಂದ ಒಂದು ಸೂಕ್ಷ್ಮಜೀವಿಯನ್ನು ಬೇರ್ಪಡಿಸಿದರು. ಗಾಳಿಯಿಲ್ಲದ ಕಡೆಯೇ ಬೆಳೆಯುವ ಜೀವಿ ಅದು. ಅದು ಉಂಟುಮಾಡುವ ಕಾಯಿಲೆಯೇ ಬೊಟ್ಯುಲಿಸಂ. ಮಣ್ಣಿನಲ್ಲೆಲ್ಲ ಅದರ ಬೀಜಾಣುಗಳಿವೆ, ತರಕಾರಿಯೊಂದಿಗೆ ಅಡುಗೆಮನೆಗೂ ಬರುತ್ತವೆ. ಕುದಿಯುವ ನೀರಿಗೆ ಅವು ಜಗ್ಗುವುದಿಲ್ಲ. ಗಾಳಿ ತೆಗೆದು ಮುಚ್ಚಿದ ಡಬ್ಬಿ ಅವುಗಳಿಗೆ ಸ್ವರ್ಗ! ಅಪೆರ್ ಕಾಲದಿಂದ ಜನ ಯಾವುದನ್ನು ರಕ್ಷಣೆ ಎಂದುಕೊಂಡಿದ್ದರೋ ಆ ಗಾಳಿಯಿಲ್ಲದ ಸ್ಥಿತಿಯೇ ಈ ಶತ್ರುವಿಗೆ ಆಸರೆ. ವಿಷ ಸೇರಿದ ಡಬ್ಬಿ ಕೆಲವೊಮ್ಮೆ ಉಬ್ಬುತ್ತದೆ, ವಾಸನೆ ಬರುತ್ತದೆ. ಕೆಲವೊಮ್ಮೆ ಯಾವ ಸುಳಿವೂ ಇರುವುದಿಲ್ಲ.

ಹುಳಿ ಇರುವಲ್ಲಿ ಮಾತ್ರ ಈ ಜೀವಿ ಮೊಳೆಯದು. ಪದಾರ್ಥದ ಪಿ.ಎಚ್. ಅಂಕ 4.6 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಪಾಯವಿಲ್ಲ ಎಂಬುದು ಇಂದಿನ ನಿಯಮ. ನಮ್ಮ ಉಪ್ಪಿನಕಾಯಿಗಳು ವರ್ಷಗಟ್ಟಲೆ ಬಾಳುವುದರ ಗುಟ್ಟಿನಲ್ಲಿ ಉಪ್ಪಿನಷ್ಟೇ ಪಾಲು ಹುಳಿಗೂ ಇದೆ. ಟೊಮೇಟೊ ಸಾಮಾನ್ಯವಾಗಿ ಈ ಗೆರೆಯ ಕೆಳಗಿನದು, ಹೀಗಾಗಿ ಹುಡುಗಿಯರ ಕೊಪ್ಪರಿಗೆಯ ಕುದಿನೀರು ಅದಕ್ಕೆ ಸಾಕಾಯಿತು. ಹುರುಳಿಕಾಯಿ, ಬಟಾಣಿ, ಗಜ್ಜರಿ ಹಾಗಲ್ಲ. 1924ರ ಫೆಬ್ರವರಿಯಲ್ಲಿ ಆರೆಗನ್ ರಾಜ್ಯದ ಆಲ್ಬನಿಯಲ್ಲಿ ಒಂದು ಕುಟುಂಬದವರು ಮನೆಯಲ್ಲೇ ಜಾಡಿಗೆ ತುಂಬಿದ್ದ ಹುರುಳಿಕಾಯಿಯನ್ನು ಊಟಕ್ಕೆ ಬಡಿಸಿಕೊಂಡರು. ಹನ್ನೆರಡು ಮಂದಿ ಸತ್ತರು. ಹಿಂದಿನ ಸುಗ್ಗಿಯಲ್ಲಿ ಅಕ್ಕರೆಯಿಂದ ಕಟ್ಟಿಟ್ಟ ಬುತ್ತಿ ಅದು.

ಇದನ್ನು ತಡೆಯುವ ಅಂಕಿಗಳು ಅದಕ್ಕೂ ಮುಂಚೆಯೇ ಪ್ರಕಟವಾಗಿದ್ದವು. 1919ರಲ್ಲಿ ಡಬ್ಬಿಯ ಆಲಿವ್ ಕಾಯಿಗಳಿಂದ ಅಮೆರಿಕದ ಹಲವೆಡೆ ಸಾವುಗಳಾದ ಮೇಲೆ ಕ್ಯಾಲಿಫೋರ್ನಿಯದಲ್ಲಿ ಕಾರ್ಲ್ ಮೇಯರ್ ಮತ್ತು ಎಸ್ಟಿ ಅವರು ಬೀಜಾಣುಗಳ ಶಾಖಸಹನೆಯನ್ನು ಅಳೆದು 1922ರಲ್ಲಿ ತಿಳಿಸಿದರು. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅವನ್ನು ನಾಶಮಾಡಲು ಸುಮಾರು 330 ನಿಮಿಷ ಬೇಕು, 121 ಡಿಗ್ರಿಯಲ್ಲಿ ಮೂರು ನಿಮಿಷಕ್ಕೂ ಕಡಿಮೆ ಸಾಕು. ಐದೂವರೆ ಗಂಟೆ ಎಲ್ಲಿ, ಮೂರು ನಿಮಿಷ ಎಲ್ಲಿ! ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ದಾಟುವುದಿಲ್ಲ, ಮುಚ್ಚಿದ ಪಾತ್ರೆಯಲ್ಲಿ ಆವಿಯ ಒತ್ತಡ ಏರಿದರೆ ದಾಟುತ್ತದೆ. ನಿಮ್ಮ ಮನೆಯ ಕುಕ್ಕರಿನಲ್ಲಿ ಸೀಟಿ ಕೂಗುವಾಗ ಒಳಗಿನ ಉಷ್ಣತೆ ಹೆಚ್ಚುಕಡಿಮೆ 120 ಡಿಗ್ರಿ. ಹಾಗೆಂದು ಅದರಲ್ಲಿ ಜಾಡಿಗಳನ್ನಿಟ್ಟು ಪ್ರಯೋಗಕ್ಕೆ ಇಳಿಯಬೇಡಿ. ಜಾಡಿಯ ನಟ್ಟನಡುವಿನ ತುಣುಕಿಗೆ ಆ ಶಾಖ ತಲುಪಲು ಎಷ್ಟು ಹೊತ್ತು ಬೇಕೆಂಬುದು ಪದಾರ್ಥದಿಂದ ಪದಾರ್ಥಕ್ಕೆ, ಜಾಡಿಯಿಂದ ಜಾಡಿಗೆ ಬೇರೆ. ಅದಕ್ಕೆಂದೇ ಮಾಡಿದ ದೊಡ್ಡ ಒತ್ತಡದ ಪಾತ್ರೆ, ಪರೀಕ್ಷಿಸಿದ ವೇಳಾಪಟ್ಟಿ ಎರಡೂ ಬೇಕು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಈ ತಿಳಿವಳಿಕೆ ಹಳ್ಳಿಹಳ್ಳಿಗೂ ಮುಟ್ಟಿತ್ತು, ಅದನ್ನು ಮುಟ್ಟಿಸಿದ್ದು 1914ರ ಕಾಯಿದೆಯ ಕೆಳಗೆ ದುಡಿಯುತ್ತಿದ್ದ ಮಹಿಳಾ ಪ್ರತಿನಿಧಿಗಳು. 1943ರಲ್ಲಿ ಡಬ್ಬಿ ಆಹಾರಕ್ಕೆ ಪಡಿತರ ಬಂದಾಗ ಅಮೆರಿಕದಲ್ಲಿ ಸುಮಾರು ಎರಡು ಕೋಟಿ ಮನೆತೋಟಗಳಿದ್ದವೆಂದು ಅಂದಾಜು. ಆ ವರ್ಷ ಮನೆಗಳಲ್ಲಿ ತುಂಬಿದ ಜಾಡಿ, ಡಬ್ಬಿಗಳು 400 ಕೋಟಿಯಷ್ಟು. ಜಾಡಿ ತುಂಬುವವರಿಗೆ ಸಕ್ಕರೆಯ ಹೆಚ್ಚುವರಿ ಪಡಿತರ ಸಿಗುತ್ತಿತ್ತು. ಲೋಹದ ಅಭಾವವಿದ್ದುದರಿಂದ ಒತ್ತಡದ ಪಾತ್ರೆಗಳನ್ನು ಅಕ್ಕಪಕ್ಕದವರು ಸರದಿಯಂತೆ ಬಳಸಿದರು, ಶಾಲೆಗಳಲ್ಲಿ ಸಾಮೂಹಿಕ ಕೇಂದ್ರಗಳು ನಡೆದವು. ಯುದ್ಧ ಮುಗಿದು ಶೀತಲಪೆಟ್ಟಿಗೆಗಳು ಬಂದ ಮೇಲೆ ಈ ಉತ್ಸಾಹ ಇಳಿಯಿತು. ಆದರೆ ಕೊರೋನ ಹಾವಳಿಯ 2020ರಲ್ಲಿ ಮತ್ತೆ ಮನೆತೋಟಗಳು ಎದ್ದು, ಸುಗ್ಗಿಯ ಹೊತ್ತಿಗೆ ಅಲ್ಲಿನ ಅಂಗಡಿಗಳಲ್ಲಿ ಜಾಡಿಯ ಮುಚ್ಚಳಗಳಿಗೇ ಅಭಾವ ಉಂಟಾಯಿತು.

ಈ ಪರಂಪರೆಯ ಒಂದು ಎಳೆ ನಮ್ಮ ನಾಡಿಗೂ ಬಂದಿದೆ. ಕಾಲೇಜಿನ ವಿದ್ಯೆ ರೈತನ ಮನೆಗೆ ಹೋಗಬೇಕೆಂಬ ಆ ಮಾದರಿಯಲ್ಲೇ 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಆರಂಭದ ವರ್ಷಗಳಲ್ಲಿ ಅದಕ್ಕೆ ನೆರವಾದದ್ದು ಅಮೆರಿಕದ ಟೆನ್ನೆಸ್ಸಿ ವಿಶ್ವವಿದ್ಯಾನಿಲಯ, ಟೊಮೇಟೊ ಸಂಘಗಳು ಮೊದಲು ಹಬ್ಬಿದ ರಾಜ್ಯಗಳಲ್ಲಿ ಒಂದರದು. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಿಂದ ನಡೆದುಬಂದಿರುವ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಷಯ ನಿಮಗೆ ಗೊತ್ತೇ ಇದೆ. ಕೊಯ್ಲಿನ ನಂತರ ಹಣ್ಣು, ತರಕಾರಿಗಳನ್ನು ಕೆಡದಂತೆ ಇಡುವುದು ಅಲ್ಲಿನ ಮುಖ್ಯ ಅಧ್ಯಯನಗಳಲ್ಲೊಂದು.

ಟೊಮೇಟೊ ಹುಳಿಯ ಬಗ್ಗೆ ಕೊನೆಯದಾಗಿ ಒಂದು ಸಂಗತಿ. ತಳಿ, ಮಣ್ಣು, ಹಣ್ಣಾದ ಮಟ್ಟ ಇವುಗಳಿಗೆ ತಕ್ಕಂತೆ ಅದರ ಹುಳಿ ಏರಿಳಿಯುತ್ತದೆ, ಚೆನ್ನಾಗಿ ಕಳಿತ ಕೆಲವು ಹಣ್ಣುಗಳು 4.6ರ ಗೆರೆಯನ್ನು ದಾಟುವುದೂ ಉಂಟು. ಆದ್ದರಿಂದ ಅಮೆರಿಕದ ಕೃಷಿ ಇಲಾಖೆಯ ಇಂದಿನ ಕೈಪಿಡಿ, ಸುಮಾರು ಒಂದು ಲೀಟರ್ ಹಿಡಿಯುವ ಪ್ರತಿ ಜಾಡಿಗೂ ಎರಡು ದೊಡ್ಡ ಚಮಚ ನಿಂಬೆರಸ ಸೇರಿಸಬೇಕೆಂದು ಹೇಳುತ್ತದೆ. ರಸ ಆಗತಾನೇ ಹಿಂಡಿದ್ದಾಗಿರಬಾರದು, ಬಾಟಲಿಯಲ್ಲಿ ಮಾರುವಂಥದ್ದೇ ಆಗಬೇಕು. ಗಿಡದಿಂದ ಕಿತ್ತ ಎರಡು ನಿಂಬೆಹಣ್ಣುಗಳ ಹುಳಿ ಒಂದೇ ಸಮನಾಗಿರುವುದಿಲ್ಲ, ಬಾಟಲಿಯ ರಸದ ಹುಳಿಯನ್ನು ಮಾತ್ರ ಅಳೆದು ಸಮಮಾಡಿರುತ್ತಾರೆ.